ಆ ಮೂರು ಮಿಲಿಮೀಟರ್ ಯಾರ ಪಾಲಿನದು? ವೆಲ್ಡ್ ಮಾಡಿದ ಉಕ್ಕಿನ ಟ್ರಸ್‌ಗಳ ಅಳತೆಯ ಮಿತಿ

(ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಶೆಡ್‌ಗಳ ಸೂಪರ್‌ವೈಸರುಗಳು ಮತ್ತು ಕಿರಿಯ ಎಂಜಿನಿಯರುಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದೆಂಬ ಮಿತಿಗೆ ಟಾಲರೆನ್ಸ್ ಎನ್ನುತ್ತೇವೆ. ಆ ಪದಕ್ಕೆ ನಿಘಂಟಿನಲ್ಲಿ ಸಹನೆ, ಸೈರಣೆ ಎಂಬ ಅರ್ಥಗಳು ಸಿಗುತ್ತವೆಯಾದರೂ ನಮ್ಮ ಶೆಡ್‌ಗಳಲ್ಲಿ ಆ ಮಾತುಗಳು ನಡೆಯುವುದಿಲ್ಲ. ಡ್ರಾಯಿಂಗ್ ಬಿಚ್ಚಿದ ಕೂಡಲೇ ಫಿಟ್ಟರ್ ಕೇಳುವುದು ‘ಎಷ್ಟು ಪ್ಲಸ್ ಮೈನಸ್ ಕೊಟ್ಟಿದ್ದಾರೆ?’ ಎಂದು. ಈ ‘ಕೊಟ್ಟಿದ್ದಾರೆ’ ಎಂಬ ಕ್ರಿಯಾಪದವನ್ನು ತಾವು ಸ್ವಲ್ಪ ಗಮನಿಸಬೇಕು. ಯಾರೋ ದೊಡ್ಡ ಮನಸ್ಸು ಮಾಡಿ ನಮಗೊಬ್ಬರಿಗೇ ಏನನ್ನೋ ಬಿಟ್ಟುಕೊಟ್ಟಂತೆ ಅದು ಕೇಳಿಸುತ್ತದೆ. ಡ್ರಾಯಿಂಗಿನಲ್ಲಿ ಮೂರು ಮಿಲಿಮೀಟರ್ ಇದ್ದರೆ ಗುರುತು ಹಾಕುವವನು ಅದು ತನ್ನದೆಂದುಕೊಳ್ಳುತ್ತಾನೆ, ಕತ್ತರಿಸುವವನು ತನ್ನದೆಂದುಕೊಳ್ಳುತ್ತಾನೆ, ವೆಲ್ಡರ್ ಮತ್ತು ಸೈಟಿನಲ್ಲಿ ನಿಲ್ಲಿಸುವವನು ಕೂಡ ಹಾಗೆಯೇ ತಿಳಿಯುತ್ತಾರೆ. ಒಂದೇ ಮೂರು ಮಿಲಿಮೀಟರನ್ನು ನಾಲ್ಕು ಜನ ನಾಲ್ಕು ಸಲ ಖರ್ಚು ಮಾಡಿದ ಮೇಲೆ ಟ್ರಸ್, ಅಂದರೆ ಚಾವಣಿಯನ್ನು ಹೊರುವ ತ್ರಿಕೋನಗಳ ಚೌಕಟ್ಟು, ಕಂಬದ ಮೇಲೆ ಕೂರುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಈ ಹಂಚಿಕೆಯ ವಿಷಯವನ್ನು.

ಮೊದಲು ಸಂಹಿತೆಗಳನ್ನು, ಅಂದರೆ ನಮ್ಮ ಕಸುಬಿನ ನಿಯಮಪುಸ್ತಕಗಳನ್ನು ನೋಡೋಣ. ಉಕ್ಕಿನ ರಚನೆಗಳನ್ನು ತಯಾರಿಸುವಾಗ ಪಾಲಿಸಬೇಕಾದ ಮಿತಿಗಳಿಗೆ ಐಎಸ್ 7215 ಎಂಬ 1974ರ ಭಾರತೀಯ ಮಾನಕವಿದೆ. ನಿಲ್ಲಿಸುವಾಗಿನ ಮಿತಿಗಳಿಗೆ ಐಎಸ್ 12843 ಎಂಬ 1989ರ ಬೇರೊಂದು ಮಾನಕವಿದೆ. ಇವೆರಡೂ ಬೇರೆ ಬೇರೆ ಪುಸ್ತಕಗಳಾಗಿರುವುದನ್ನು ಕೆಲವರು ಸರ್ಕಾರಿ ಕಾಗದದ ಗೊಂದಲವೆಂದು ಭಾವಿಸುತ್ತಾರೆ, ಆದರೆ ನನಗೆ ಅದು ಬಹಳ ಸರಿಯಾದ ಏರ್ಪಾಡಾಗಿ ಕಾಣುತ್ತದೆ. ಶೆಡ್ಡಿನವನ ಪಾಲು ಶೆಡ್ಡಿನಲ್ಲಿಯೇ ಮುಗಿಯಬೇಕು, ಸೈಟಿನವನ ಪಾಲನ್ನು ಅವನು ಮೊದಲೇ ತಿಂದು ಕಳಿಸಬಾರದು. ಉದಾಹರಣೆಗೆ, ನಿಲ್ಲಿಸಿದ ಟ್ರಸ್ಸಿನ ನಡುವಿನಲ್ಲಿ ಮೇಲಿನ ಸದಸ್ಯವು (ಟ್ರಸ್ಸಿನ ಒಂದೊಂದು ಕಂಬಿಗೂ ನಾವು ಸದಸ್ಯವೆನ್ನುತ್ತೇವೆ) ಕೆಳಗಿನ ಸದಸ್ಯದ ನೇರದಿಂದ ಎಷ್ಟು ಪಕ್ಕಕ್ಕೆ ವಾಲಬಹುದೆಂಬುದಕ್ಕೆ ಐಎಸ್ 12843 ಕೊಡುವ ಮಿತಿ, ಟ್ರಸ್ಸಿನ ಎತ್ತರದ 250ನೇ ಒಂದು ಭಾಗ ಅಥವಾ 15 ಮಿ.ಮೀ., ಇವುಗಳಲ್ಲಿ ಯಾವುದು ಕಡಿಮೆಯೋ ಅದು. ನಡುವಿನಲ್ಲಿ ಮೂರು ಮೀಟರ್ ಎತ್ತರವಿರುವ ಟ್ರಸ್ಸಿಗೆ ಅದು 12 ಮಿ.ಮೀ. ಆಯಿತು. ಶೆಡ್ಡಿನಿಂದ ಹೊರಡುವಾಗಲೇ ಟ್ರಸ್ ಬಾಳೆಹಣ್ಣಿನಂತೆ ಹತ್ತು ಮಿ.ಮೀ. ಬಾಗಿದ್ದರೆ, ಕ್ರೇನಿನ ಕೆಳಗೆ ತೂಗುಗುಂಡು ಹಿಡಿದು ನಿಂತವನಿಗೆ ಉಳಿಯುವುದು ಎರಡೇ ಮಿಲಿಮೀಟರ್.

ಉದ್ದದ ವಿಷಯದಲ್ಲಿ ಅಮೆರಿಕದ ಉಕ್ಕು ನಿರ್ಮಾಣದ ಸಂಸ್ಥೆಯಾದ ಎಐಎಸ್‌ಸಿಯ ಸಂಹಿತೆಯ ಅಂಕೆಗಳು ನೆನಪಿಡಲು ಸುಲಭವಾಗಿವೆ. ಬೇರೆ ಉಕ್ಕಿನ ಭಾಗಕ್ಕೆ ಜೋಡಣೆಯಾಗುವ ಬಿಡಿಭಾಗವು 30 ಅಡಿಯವರೆಗೆ ಇದ್ದರೆ ಇಂಚಿನ ಹದಿನಾರನೇ ಒಂದು ಭಾಗ, ಅದಕ್ಕಿಂತ ಉದ್ದವಿದ್ದರೆ ಎಂಟನೇ ಒಂದು ಭಾಗ ಹೆಚ್ಚುಕಡಿಮೆಯಾಗಬಹುದು. ಉತ್ತರದ ರಾಜ್ಯಗಳಿಂದ ಬಂದು ನಮ್ಮಲ್ಲಿ ದುಡಿಯುವ ಫಿಟ್ಟರುಗಳು ಇಂಚಿನ ಎಂಟನೇ ಒಂದು ಭಾಗವನ್ನು ‘ಸೂತ್’ ಎನ್ನುತ್ತಾರೆ. ಒಂದು ಸೂತ್ ಎಂದರೆ ಮೂರು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ‘ಸಾಬ್, ಒಂದು ಸೂತ್ ಅಷ್ಟೇ’ ಎಂದು ಅವನು ಹೇಳಿದಾಗ ಇಡೀ ಟ್ರಸ್ಸಿನ ಪಾಲನ್ನು ಒಂದೇ ತುಂಡಿಗೆ ಕೇಳುತ್ತಿದ್ದಾನೆ ಎಂಬುದು ನಮಗೆ ಹೊಳೆಯಬೇಕು.

ಮಿತಿಗಳೆಲ್ಲ ಬರೇ ಜೋಡಣೆಯ ಅನುಕೂಲಕ್ಕಾಗಿ ಇರುವುವಲ್ಲ. ಒತ್ತಡಕ್ಕೆ ಒಳಗಾಗುವ ಸದಸ್ಯದ ನೇರತೆಗೆ ಉದ್ದದ ಸಾವಿರದಲ್ಲೊಂದು ಭಾಗ ಎಂಬ ಮಿತಿಯನ್ನು ತಾವೆಲ್ಲ ಕೇಳಿದ್ದೀರಿ. ಈ ಸಾವಿರ ಎಲ್ಲಿಂದ ಬಂತು? ಉಕ್ಕಿನ ವಿನ್ಯಾಸದ ಸಂಹಿತೆಯಾದ ಐಎಸ್ 800ರ 2007ರ ಆವೃತ್ತಿಯಲ್ಲಿ ಬಕ್ಲಿಂಗ್, ಅಂದರೆ ಒತ್ತಿದಾಗ ಕಂಬಿ ಪಕ್ಕಕ್ಕೆ ಬಾಗಿ ಸೋಲುವುದರ ಲೆಕ್ಕಕ್ಕೆ ಎ, ಬಿ, ಸಿ, ಡಿ ಎಂಬ ನಾಲ್ಕು ರೇಖೆಗಳಿವೆ. ಆಂಗಲ್‌ಗಳಿಗೆ, ಅಂದರೆ ಎಲ್ ಆಕಾರದ ಕಂಬಿಗಳಿಗೆ, ಸಿ ರೇಖೆ, ಅದರ ದೋಷಾಂಕ 0.49. ಯಾವ ಕಂಬಿಯೂ ಪೂರ್ತಿ ನೇರವಿರುವುದಿಲ್ಲ, ರೋಲಿಂಗ್ ಮತ್ತು ವೆಲ್ಡಿಂಗ್‌ನಿಂದ ಅದರೊಳಗೆ ಬಿಗಿತ ಉಳಿದಿರುತ್ತದೆ ಎಂಬುದನ್ನು ಒಪ್ಪಿಕೊಂಡೇ ಆ ರೇಖೆಗಳನ್ನು ಎಳೆಯಲಾಗಿದೆ. ಮೂಲದಲ್ಲಿ ಹಿಡಿದ ಬಾಗು ಸಾವಿರದಲ್ಲೊಂದು ಭಾಗ. ಅಂದರೆ ವಿನ್ಯಾಸಕಾರನು ತನ್ನ ಕೋಣೆಯಲ್ಲಿ ಕುಳಿತು ನಮ್ಮ ಶೆಡ್ಡಿನ ತಪ್ಪನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಆ ಮೇರೆಗೆ ಆಂಗಲ್ಲಿನ ಗಾತ್ರವನ್ನು ದಪ್ಪ ಮಾಡಿದ್ದಾನೆ. 1.8 ಮೀಟರ್ ಉದ್ದದ ಸ್ಟ್ರಟ್ಟಿಗೆ, ಅಂದರೆ ಒತ್ತಡದ ಸದಸ್ಯಕ್ಕೆ, ಅವನು ಕೊಟ್ಟಿರುವ ಪಾಲು 1.8 ಮಿ.ಮೀ. ನಾವು ಆರು ಮಿಲಿಮೀಟರ್ ಬಾಗಿದ ಆಂಗಲ್ಲನ್ನು ‘ಪೇಂಟ್ ಹೊಡೆದರೆ ಕಾಣುವುದಿಲ್ಲ’ ಎಂದು ಹಾಕಿದಾಗ, ಅವನ ಲೆಕ್ಕದ ಆಧಾರವನ್ನೇ ಅವನಿಗೆ ತಿಳಿಸದೆ ಕಿತ್ತಂತಾಗುತ್ತದೆ. ಬಾಗಿದ ಕಂಬಿ ಬಲ ಬಿದ್ದಷ್ಟೂ ಮತ್ತಷ್ಟು ಬಾಗುತ್ತದೆ. ಎಳೆತದಲ್ಲಿರುವ ಸದಸ್ಯವಾದರೆ ಬಲವೇ ಅದನ್ನು ನೇರ ಮಾಡಲು ಎಳೆಯುತ್ತದೆ. ಆದ್ದರಿಂದ ಒಂದೇ ಅಳತೆಯ ಬಾಗು ಬಾಟಮ್ ಟೈಯಲ್ಲಿ (ಕೆಳಗಿನ ಎಳೆತದ ಸದಸ್ಯದಲ್ಲಿ) ಕ್ಷಮ್ಯ, ಸ್ಟ್ರಟ್ಟಿನಲ್ಲಿ ಅಲ್ಲ. ಗುಣಪರೀಕ್ಷೆಗೆ ಹೋಗುವ ಹುಡುಗರಿಗೆ ಯಾವ ಸದಸ್ಯ ಎಳೆತದ್ದು, ಯಾವುದು ಒತ್ತಡದ್ದು ಎಂದು ಡ್ರಾಯಿಂಗಿನಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತು ಮಾಡಿ ಕೊಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಗಾಳಿ ಕೆಳಗಿನಿಂದ ಎತ್ತಿದಾಗ ಕೆಲವು ಸದಸ್ಯಗಳ ಪಾತ್ರ ಅದಲುಬದಲಾಗುತ್ತದೆ, ಅವಕ್ಕೆ ಎರಡು ಬಣ್ಣ.

ಇನ್ನು ಜಾಯಿಂಟಿನಲ್ಲಿ ಗೆರೆಗಳು ಸೇರುವ ವಿಷಯ. ಒಂದು ಜಾಯಿಂಟಿಗೆ ಬರುವ ಎಲ್ಲ ಸದಸ್ಯಗಳ ಗುರುತ್ವಕೇಂದ್ರದ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕೆಂಬುದು ಟ್ರಸ್ಸಿನ ಲೆಕ್ಕದ ಬುನಾದಿ. 65×65×6ರ, ಅಂದರೆ ಎರಡೂ ಬದಿ 65 ಮಿ.ಮೀ., ದಪ್ಪ 6 ಮಿ.ಮೀ. ಇರುವ ಆಂಗಲ್ಲನ್ನು ತೆಗೆದುಕೊಳ್ಳಿ. ಅದರ ಗುರುತ್ವಕೇಂದ್ರವು ಬೆನ್ನಿನಿಂದ 18.1 ಮಿ.ಮೀ. ದೂರದಲ್ಲಿದೆ. ಹೊಸ ಮಾರ್ಕರ್ ಒಬ್ಬನು ಡ್ರಾಯಿಂಗಿನ ಒಂಟಿ ಗೆರೆಯನ್ನು ಆಂಗಲ್ಲಿನ ನಡುಗೆರೆಯೆಂದು ತಿಳಿದು, 65ರ ಅರ್ಧ 32.5ಕ್ಕೆ ರಾಫ್ಟರಿನ (ಮೇಲಿನ ಇಳಿಜಾರಿನ ಸದಸ್ಯದ) ಮೇಲೆ ಗೆರೆ ಎಳೆದುಬಿಡುತ್ತಾನೆ. ಅವನ ಟೇಪು ಸರಿಯಿದೆ, ಕೈ ಸರಿಯಿದೆ, ಗೆರೆ ಕೂದಲಿನಷ್ಟು ನೇರವಿದೆ, ಆದರೂ ಜಾಯಿಂಟ್ 14.4 ಮಿ.ಮೀ. ಸರಿದಿದೆ. ಆ ಜಾಯಿಂಟಿನ ಎಡಬಲಗಳಲ್ಲಿ ರಾಫ್ಟರಿನ ಬಲದ ವ್ಯತ್ಯಾಸ 60 ಕಿಲೊನ್ಯೂಟನ್ ಎಂದಿಟ್ಟುಕೊಳ್ಳಿ. 60ನ್ನು 14.4 ಮಿ.ಮೀ.ನಿಂದ ಗುಣಿಸಿದರೆ 0.86 ಕಿಲೊನ್ಯೂಟನ್ ಮೀಟರ್ ಬಾಗುಬಲ. ರಾಫ್ಟರಿನ ಎರಡು ಬದಿಗೆ ಅರ್ಧರ್ಧ ಹಂಚಿದರೂ, ಬೆನ್ನಿಗೆ ಬೆನ್ನು ಕೊಟ್ಟ ಜೋಡಿ ಆಂಗಲ್ಲಿನ ತುದಿಯಲ್ಲಿ ಸುಮಾರು 35 ಮೆಗಾಪ್ಯಾಸ್ಕಲ್ ಹೆಚ್ಚುವರಿ ಒತ್ತಡ ಬೀಳುತ್ತದೆ. 250 ಮೆಗಾಪ್ಯಾಸ್ಕಲ್‌ಗೆ ಸೋಲುವ ಉಕ್ಕಿನಲ್ಲಿ ಏಳನೇ ಒಂದು ಪಾಲು ಹೀಗೆ ಒಂದು ತಪ್ಪು ಗೆರೆಗೆ ಹೋಯಿತು. ಇದನ್ನು ಯಾವ ಪ್ಲಸ್ ಮೈನಸ್ಸೂ ಕಾಯುವುದಿಲ್ಲ, ಏಕೆಂದರೆ ಇದು ಅಳತೆಯ ತಪ್ಪಲ್ಲ, ಓದುವುದರ ತಪ್ಪು. ಡ್ರಾಯಿಂಗ್ ಮಾಡುವವರು ಬೆನ್ನಿನಿಂದ ಗೆರೆಯವರೆಗಿನ ದೂರವನ್ನು ಪ್ರತಿ ಸದಸ್ಯದ ಮೇಲೂ ಬರೆಯುವ ಸೌಜನ್ಯ ತೋರಿಸಿದರೆ ಇದು ಆಗುವುದಿಲ್ಲ.

ಇಲ್ಲಿ ನನ್ನ ಸ್ವಂತ ಎಡವಟ್ಟೊಂದನ್ನು ಹೇಳಬೇಕು. ನಾನು ಸೂಪರ್‌ವೈಸರ್ ಆಗಿ ಹೊಸದರಲ್ಲಿ, ಊರ ಹೊರಗಿನ ಒಂದು ಗೋದಾಮಿಗೆ 18 ಮೀಟರ್ ಸ್ಪ್ಯಾನಿನ ಹದಿನಾಲ್ಕು ಟ್ರಸ್ ಮಾಡುವ ಕೆಲಸ ಬಂದಿತ್ತು. ಮೊದಲನೆಯದನ್ನು ನೆಲದ ಮೇಲೆ ಪೂರ್ಣ ಅಳತೆಯ ಲೇಔಟ್ ಎಳೆದು, ಕರ್ಣಗಳನ್ನು ಎರಡೆರಡು ಸಲ ನೋಡಿ, ಮೂಲೆಮಟ್ಟ ಇಟ್ಟು, ದೇವರ ಕೆಲಸದಂತೆ ಮಾಡಿದೆವು. ಎರಡನೆಯದನ್ನು ಮೊದಲನೆಯದರ ಮೇಲಿಟ್ಟು ಜೋಡಿಸಿದೆವು. ಆಮೇಲೆ ಜಾಗ ಸಾಲದೆಂದು ಮೊದಲನೆಯದನ್ನು ಪೇಂಟಿಗೆ ಕಳಿಸಿ, ಮೂರನೆಯದನ್ನು ಎರಡನೆಯದರ ಮೇಲೆ, ನಾಲ್ಕನೆಯದನ್ನು ಮೂರನೆಯದರ ಮೇಲೆ ಮಾಡುತ್ತಾ ಹೋದೆವು. ಸೋಪ್‌ಸ್ಟೋನ್ ಗೆರೆಯ ದಪ್ಪವೇ ಒಂದೂವರೆ ಎರಡು ಮಿಲಿಮೀಟರ್ ಇರುತ್ತದೆ. ಫಿಟ್ಟರ್ ಪ್ರತಿ ಸಲವೂ, ಬಿಗಿಯಾಗದೆ ಸಲೀಸಾಗಿ ಕೂರಲೆಂದು, ಗೆರೆಯ ಹೊರಬದಿಗೇ ಇಡುತ್ತಿದ್ದ. ಒಂದೊಂದು ಪ್ರತಿಯಲ್ಲಿ ಬೆಳೆದದ್ದು ಒಂದೂಕಾಲು ಮಿ.ಮೀ. ಆಸುಪಾಸು, ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹದಿನಾಲ್ಕನೆಯ ಟ್ರಸ್ ಮೊದಲನೆಯದಕ್ಕಿಂತ 17 ಮಿ.ಮೀ. ಉದ್ದವಾಗಿತ್ತು.

ಕಂಬದ ತಲೆಯಲ್ಲಿ ಕಾಂಕ್ರೀಟಿನೊಳಗೆ ಕೂರಿಸಿದ 16 ಮಿ.ಮೀ. ಬೋಲ್ಟುಗಳು, ನಮ್ಮ ಬೇಸ್ ಪ್ಲೇಟಿನಲ್ಲಿ 18 ಮಿ.ಮೀ. ರಂಧ್ರ. ಅಂದರೆ ಅತ್ತಿತ್ತ ಒಂದೊಂದು ಮಿಲಿಮೀಟರ್ ಮಾತ್ರ ಆಟ. ಐದನೆಯ ಟ್ರಸ್ಸಿನಿಂದ ಸೈಟಿನ ಹುಡುಗರು ಸಬ್ಬಲ್ ಹಾಕಿ ಬೋಲ್ಟ್ ಬಗ್ಗಿಸತೊಡಗಿದ್ದರು, ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ರಾತ್ರಿ ಗ್ಯಾಸ್ ಕಟರಿನಿಂದ ರಂಧ್ರ ಸುಟ್ಟು ಅಗಲ ಮಾಡಿದ್ದರು. ನನಗೆ ವಿಷಯ ತಿಳಿದದ್ದು ಅಲ್ಲಿ ಬಿದ್ದಿದ್ದ ಕರಗಿದ ಕಿಟ್ಟದ ಹನಿಗಳನ್ನು ನೋಡಿ. ಆ ಪ್ಲೇಟುಗಳ ಮೇಲೆ ಸರಿಯಾದ ರಂಧ್ರವಿರುವ ದಪ್ಪ ವಾಷರ್ ಪ್ಲೇಟುಗಳನ್ನು ಇಟ್ಟು ವೆಲ್ಡ್ ಮಾಡಿ ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು, ಕ್ರೇನಿನ ಬಾಡಿಗೆ ನಮ್ಮ ತಲೆಗೇ ಬಂತು. ಅಂದಿನಿಂದ ನನ್ನ ಶೆಡ್ಡಿನಲ್ಲಿ ಮೊದಲ ಟ್ರಸ್ ಕೊನೆಯ ಟ್ರಸ್ ಮುಗಿಯುವ ತನಕ ಜಾಗ ಬಿಟ್ಟು ಕದಲುವುದಿಲ್ಲ. ಸಾಧ್ಯವಿದ್ದಲ್ಲಿ ಟ್ರಸ್ಸಿಗಿಂತ ಮೊದಲು ಜಿಗ್, ಅಂದರೆ ಭಾಗಗಳನ್ನು ಅಳತೆಗೆ ಹಿಡಿದಿಡುವ ಚೌಕಟ್ಟನ್ನು ಮಾಡಿ, ಅದರ ನಿಲುಗಡೆಗಳನ್ನು ನೆಲದ ಚಾನಲ್‌ಗಳಿಗೆ ವೆಲ್ಡ್ ಮಾಡಿಬಿಡುತ್ತೇವೆ. ಹಲವು ತಪ್ಪುಗಳು ಅತ್ತ ಇತ್ತ ಎರಡೂ ಕಡೆಗೆ ಆಗುವುದಾದರೆ ಒಂದನ್ನೊಂದು ಸ್ವಲ್ಪಮಟ್ಟಿಗೆ ಹೊಡೆದುಹಾಕುತ್ತವೆ. ಒಂದೊಂದು ಮಿಲಿಮೀಟರಿನ ಹದಿಮೂರು ತಪ್ಪುಗಳು ಹಾಗೆ ಬೆರೆತರೆ ಒಟ್ಟು ಮೂರೂವರೆ ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಒಂದೇ ದಿಕ್ಕಿಗೆ ಆಗುವ ತಪ್ಪು ಬಡ್ಡಿಯಂತೆ, ಕೂಡುತ್ತಲೇ ಹೋಗುತ್ತದೆ.

ಅಳೆಯುವುದರ ಬಗ್ಗೆ ಎರಡು ಮಾತು. ಟೇಪಿನ ತುದಿಯ ಕೊಕ್ಕೆ ಸವೆದಿರುತ್ತದೆಂದು ಅನುಭವಿಗಳು 100 ಮಿ.ಮೀ. ಗುರುತಿನಿಂದ ಅಳೆಯುತ್ತಾರೆ, ಒಳ್ಳೆಯ ಪದ್ಧತಿ. ಆದರೆ ಇನ್ನೊಂದು ತುದಿಯಲ್ಲಿರುವವನಿಗೆ ಹೇಳಲು ಮರೆತರೆ ಸರಿಯಾಗಿ 100 ಮಿ.ಮೀ. ಮೋಟಾದ ಬಾಟಮ್ ಟೈ ಸಿಗುತ್ತದೆ. ಇಲ್ಲಿ ಕೆಲವರು ನಗುತ್ತಿರುವುದನ್ನು ನೋಡಿದರೆ ಆ ಅನುಭವ ನನಗೊಬ್ಬನಿಗೇ ಆದದ್ದಲ್ಲವೆಂದು ಕಾಣುತ್ತದೆ. ಪ್ಯಾನೆಲ್ ಪ್ಯಾನೆಲ್ ಆಗಿ ಅಳೆಯದೆ, ಎಲ್ಲ ಜಾಯಿಂಟುಗಳನ್ನೂ ಒಂದೇ ತುದಿಯಿಂದ ಒಂದೇ ಸಲ ಟೇಪು ಹಾಸಿ ಗುರುತಿಸಬೇಕೆಂಬುದು ಎರಡನೆಯ ಮಾತು.

ಬಿಸಿಲನ್ನು ಮಾತ್ರ ನಾವು ತೀರಾ ಹಗುರವಾಗಿ ನೋಡುತ್ತೇವೆ. ಬೆಂಗಳೂರಿನ ಹವೆ ತಂಪೆಂಬ ಹೆಮ್ಮೆ ನಮಗಿದೆ, ಆದರೆ ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಬಿದ್ದಿರುವ ಟ್ರಸ್ಸಿನ ಮೇಲೆ ಕೈಯಿಟ್ಟು ನೋಡಿದವರಿಗೆ ಆ ಹೆಮ್ಮೆ ಉಳಿಯುವುದಿಲ್ಲ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಭಾಗದಷ್ಟು ಹಿಗ್ಗುತ್ತದೆ. ಟ್ರಸ್ 50 ಡಿಗ್ರಿಯಲ್ಲಿದ್ದು, ನೆರಳಿನಿಂದ ತಂದ ಟೇಪು 30 ಡಿಗ್ರಿಯಲ್ಲಿದ್ದರೆ, 24 ಮೀಟರ್ ಟ್ರಸ್ಸಿನಲ್ಲಿ ಹತ್ತಿರ ಹತ್ತಿರ 6 ಮಿ.ಮೀ. ಸುಳ್ಳು ಅಳತೆ ಬರುತ್ತದೆ. ಯಾರೂ ತಪ್ಪು ಮಾಡದೆಯೇ ಎರಡು ಸೂತ್ ಹೋಯಿತು. ಉಕ್ಕಿನ ಟೇಪೂ ಹಿಗ್ಗುತ್ತದಲ್ಲವೇ ಎಂದು ಕೇಳಬಹುದು. ಹೌದು, ಆದ್ದರಿಂದಲೇ ಟೇಪನ್ನು ಅರ್ಧ ಗಂಟೆ ಟ್ರಸ್ಸಿನ ಪಕ್ಕದಲ್ಲಿಯೇ ಇಟ್ಟರೆ ಬಹುಪಾಲು ದೋಷ ತಾನಾಗಿ ಕಳೆಯುತ್ತದೆ. ಅಂತಿಮ ಅಳತೆಯನ್ನು ಬೆಳಗ್ಗೆ ಏಳು ಗಂಟೆಗೆ, ಕಾಫಿಗೆ ಮೊದಲು, ಇಬ್ಬನಿ ಆರದ ಹೊತ್ತಿನಲ್ಲಿ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಈಗ ವೆಲ್ಡಿಂಗಿಗೆ ಬರೋಣ. ಕರಗಿ ಬಿದ್ದ ಲೋಹವು ಸುಮಾರು 1500 ಡಿಗ್ರಿಯಿಂದ ತಣಿಯುತ್ತಾ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ ಲೋಹವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದನ್ನು ತಡೆಯುವುದು ಯಾರಿಂದಲೂ ಆಗದು, ಮುಂಚೆಯೇ ಲೆಕ್ಕ ಹಾಕುವುದು ಮಾತ್ರ ನಮ್ಮ ಕೈಯಲ್ಲಿದೆ. ಲಾಲ್‌ಬಾಗಿನ ಗಾಜಿನ ಮನೆಯನ್ನು ತಾವು ನೋಡಿದ್ದೀರಿ. 1889ರಲ್ಲಿ ಶಂಕುಸ್ಥಾಪನೆಯಾದ ಆ ಕಟ್ಟಡದ ಎರಕದ ಕಬ್ಬಿಣದ ಭಾಗಗಳು ಗ್ಲಾಸ್‌ಗೋದ ಕಾರ್ಖಾನೆಯಿಂದ ಬಂದಂಥವು. ಅಲ್ಲಿ ವೆಲ್ಡಿಂಗ್ ಇಲ್ಲ, ಆದರೂ ನಮಗೆ ಕಲಿಯಲು ಒಂದು ಸಂಗತಿಯಿದೆ. ಎರಕದ ಕಬ್ಬಿಣವು ತಣಿಯುವಾಗ ಅಡಿಗೆ ಇಂಚಿನ ಎಂಟನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಅಡಿಗೊಂದು ಸೂತ್ ಕುಗ್ಗುತ್ತದೆ; ಅದಕ್ಕಾಗಿ ಅಚ್ಚಿನ ಮಾದರಿ ಮಾಡುವ ಬಡಗಿಗಳು ಆ ಕುಗ್ಗನ್ನು ಮೊದಲೇ ಸೇರಿಸಿ ಗೀರಿದ, ಬೇಕೆಂದೇ ಉದ್ದವಾದ ಅಳತೆಪಟ್ಟಿಯನ್ನು ಬಳಸುತ್ತಾರೆ. ಅವರ ಕಸುಬಿನಲ್ಲಿ ಕುಗ್ಗು ಅಳತೆಯ ಒಳಗೇ ಇದೆ. ನಮ್ಮ ಕಸುಬಿನಲ್ಲಿ ಅದನ್ನು ‘ಸ್ವಲ್ಪ ಬಿಟ್ಟು ಕಟ್ ಮಾಡು’ ಎಂಬ ಬಾಯಿಮಾತಿಗೆ ಬಿಟ್ಟಿದ್ದೇವೆ.

ಕುಗ್ಗು ಎಷ್ಟೆಂಬುದು ಹಾಕಿದ ಲೋಹದ ಪ್ರಮಾಣವನ್ನು ಅವಲಂಬಿಸುತ್ತದೆ. ಡ್ರಾಯಿಂಗಿನಲ್ಲಿ 6 ಮಿ.ಮೀ. ಫಿಲೆಟ್ (ಎರಡು ಭಾಗ ಸೇರುವ ಮೂಲೆಗೆ ಹಾಕುವ ತ್ರಿಕೋನದ ವೆಲ್ಡ್) ಎಂದಿದ್ದಲ್ಲಿ ಗಟ್ಟಿಯಾಗಿರಲೆಂದು 8 ಮಿ.ಮೀ. ಹಾಕುವ ಧಾರಾಳತನ ನಮ್ಮ ವೆಲ್ಡರುಗಳಲ್ಲಿ ಬಹಳ. ಆರರ ಫಿಲೆಟ್ಟಿನ ಅಡ್ಡಕೊಯ್ತ 18 ಚದರ ಮಿ.ಮೀ., ಎಂಟರದ್ದು 32. ಎರಡು ಮಿಲಿಮೀಟರಿನ ಧಾರಾಳಕ್ಕೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಲೋಹ, ಅಷ್ಟೇ ಹೆಚ್ಚು ಶಾಖ, ಅದಕ್ಕೆ ತಕ್ಕ ಎಳೆತ. ಅಲ್ಲದೆ ರೋಲ್ ಮಾಡಿದ ಆಂಗಲ್ಲಿನ ದುಂಡಗಿನ ಅಂಚಿಗೆ ಅದರ ದಪ್ಪದ ಮುಕ್ಕಾಲಿಗಿಂತ ದೊಡ್ಡ ಫಿಲೆಟ್ ಹಾಕಬಾರದೆಂದು ಸಂಹಿತೆಯೇ ಹೇಳುತ್ತದೆ, ಆರು ಮಿ.ಮೀ. ಆಂಗಲ್ಲಿನಲ್ಲಿ ಅದು ನಾಲ್ಕೂವರೆಗೆ ನಿಲ್ಲುತ್ತದೆ.

ಸಂದಿನ ವಿಷಯ ಇದಕ್ಕಿಂತ ಗಂಭೀರ. ಪೈಪಿನ ಟ್ರಸ್ಸುಗಳಲ್ಲಿ ಒಂದು ಪೈಪಿನ ತುದಿಯನ್ನು ಇನ್ನೊಂದರ ಮೈಗೆ ಕೂರುವಂತೆ ತಡಿಯ ಆಕಾರದಲ್ಲಿ ಕತ್ತರಿಸಬೇಕು. ಕೈಯಲ್ಲಿ ಗ್ಯಾಸ್ ಹಿಡಿದು ಕತ್ತರಿಸಿದಾಗ ಒಂದು ಬದಿ ಕೂತು ಇನ್ನೊಂದು ಬದಿಯಲ್ಲಿ ಐದಾರು ಮಿಲಿಮೀಟರ್ ಬಾಯಿ ತೆರೆದಿರುತ್ತದೆ. ಆಗ ಒಬ್ಬ ಜಾಣ ವೆಲ್ಡರ್ ಆ ಬಾಯಿಗೆ ಎಲೆಕ್ಟ್ರೋಡಿನ ತುಂಡನ್ನೋ ಆರು ಎಂಎಂ ಸರಳನ್ನೋ ತುರುಕಿ ಮೇಲೊಂದು ಚಂದದ ಸಾಲು ಎಳೆಯುತ್ತಾನೆ. ಹೊರಗಿನಿಂದ ನೋಡಿದರೆ ಇಡೀ ಟ್ರಸ್ಸಿನಲ್ಲಿ ಅದೇ ಅತ್ಯಂತ ನಯವಾದ ವೆಲ್ಡು. ಒಳಗೆ ಸರಳು ಸಡಿಲವಾಗಿ ಮಲಗಿದೆ. ಅಮೆರಿಕದ ಎಡಬ್ಲ್ಯುಎಸ್ ಡಿ1.1 ಎಂಬ ವೆಲ್ಡಿಂಗ್ ಸಂಹಿತೆಯ ಪ್ರಕಾರ ಸಂದು ಸುಮಾರು ಎರಡು ಮಿ.ಮೀ. ದಾಟಿದರೆ ಫಿಲೆಟ್ಟಿನ ಕಾಲಿನ ಅಳತೆಯನ್ನು ಆ ಸಂದಿನಷ್ಟೇ ಹೆಚ್ಚಿಸಬೇಕು. ಐದನ್ನು ಮೀರಿದ ಸಂದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನನ್ನ ಅಭಿಪ್ರಾಯವನ್ನು ಕೇಳಿದರೆ, ಸರಳು ತುರುಕುವುದು ಟಾಲರೆನ್ಸಿನ ಪ್ರಶ್ನೆಯೇ ಅಲ್ಲ, ಅದು ಮೋಸ. ಅದನ್ನು ಹಿಡಿಯುವ ಹೊತ್ತು ಪೂರ್ತಿ ವೆಲ್ಡ್ ಆದ ಮೇಲಲ್ಲ, ಟ್ಯಾಕ್, ಅಂದರೆ ಭಾಗಗಳನ್ನು ಹಿಡಿದಿಡುವ ಚಿಕ್ಕ ವೆಲ್ಡ್ ಹಾಕಿದ ಮೇಲೆ. ಸಂದನ್ನು ಅಳೆಯುವ ಒಂದು ಫೀಲರ್ ಗೇಜು, ಇಲ್ಲವೇ ಮೂರು ಎಂಎಂ ದಪ್ಪದ ಒಂದು ತಗಡಿನ ಚೂರು ಜೇಬಿನಲ್ಲಿದ್ದರೆ ಸಾಕು.

ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತಮಗೆ ಗೊತ್ತಿರುವುದೇ. ಎಲ್ಲ ಜಾಯಿಂಟುಗಳಿಗೂ ಟ್ಯಾಕ್ ಹಾಕಿ, ಅಳತೆ ನೋಡಿ, ನಡುವಿನಿಂದ ಎರಡೂ ತುದಿಗಳ ಕಡೆಗೆ, ಒಂದು ಮುಖದಲ್ಲಿ ಸ್ವಲ್ಪ ಇನ್ನೊಂದು ಮುಖದಲ್ಲಿ ಸ್ವಲ್ಪ ಮಾಡುತ್ತಾ ಹೋಗಬೇಕು. ಮಗುಚಿಹಾಕಲು ಕ್ರೇನ್ ಸಿಗಲಿಲ್ಲವೆಂದು ಒಂದೇ ಮುಖವನ್ನು ಪೂರ್ತಿ ಮುಗಿಸಿದ ದಿನವೇ ಆ ಬಾಳೆಹಣ್ಣು ಹುಟ್ಟುವುದು. ಕ್ಲಾಂಪುಗಳನ್ನು ಪೂರ್ತಿ ತಣಿದ ಮೇಲೆ ಬಿಚ್ಚಿ, ಆದರೆ ಕ್ಲಾಂಪು ಎಲ್ಲವನ್ನೂ ಗೆಲ್ಲುತ್ತದೆಂದು ನಂಬಬೇಡಿ; ಬಾಗಲು ಬಿಡದಿದ್ದರೆ ಆ ಎಳೆತ ಲೋಹದೊಳಗೆ ಬಿಗಿತವಾಗಿ ಕುಳಿತಿರುತ್ತದೆ.

ಇಷ್ಟಾಗಿಯೂ ಬಾಗಿದರೆ ಶಾಖ ಕೊಟ್ಟು ನೇರ ಮಾಡಬಹುದು, ಅದಕ್ಕೂ ಮಿತಿಯಿದೆ. ಸಾಧಾರಣ ಉಕ್ಕಿಗೆ 650 ಡಿಗ್ರಿ ಮೀರಬಾರದು; ನೆರಳಿನಲ್ಲಿ ಮಂಕಾದ ಕೆಂಪು ಕಾಣುವ ಹಂತವದು. ಬಿಸಿಲಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಕಂಡಾಗ ಹದ ಮೀರಿರುತ್ತದೆ, ಆದ್ದರಿಂದ ತಾಪ ತೋರಿಸುವ ಸೀಮೆಸುಣ್ಣದ ಕಡ್ಡಿಯನ್ನು ಬಳಸಿ. ಕೆಂಪಗಿರುವಾಗಲೇ ನೀರು ಎರಚಿ ಬೇಗ ಮುಗಿಸುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ.

ಕ್ಯಾಂಬರಿಗೆ, ಅಂದರೆ ಟ್ರಸ್ಸಿಗೆ ಬೇಕೆಂದೇ ಕೊಡುವ ಮೇಲ್ಬಾಗಿಗೆ, ಒಂದೇ ಅಂಕೆ ಸಾಕು: ಎಐಎಸ್‌ಸಿ ಪ್ರಕಾರ ಒಂದು ಬಿಂದುವಿನ ಕ್ಯಾಂಬರ್, ಹತ್ತಿರದ ಆಸರೆಯಿಂದ ಆ ಬಿಂದುವಿಗಿರುವ ದೂರದ 800ನೇ ಒಂದು ಭಾಗದಷ್ಟು ಹೆಚ್ಚುಕಡಿಮೆಯಾಗಬಹುದು. 24 ಮೀಟರ್ ಟ್ರಸ್ಸಿನ ನಡುವಿಗೆ ಅದು 15 ಮಿ.ಮೀ. ಪಕ್ಕಪಕ್ಕದ ಎರಡು ಟ್ರಸ್ಸುಗಳಲ್ಲಿ ಒಂದು 15 ಮೇಲೆ, ಇನ್ನೊಂದು 15 ಕೆಳಗೆ ಇದ್ದರೆ ಎರಡೂ ಪಾಸಾಗುತ್ತವೆ, ಆದರೆ ಅವುಗಳ ಮೇಲಿನ ಪರ್ಲಿನ್ (ಶೀಟನ್ನು ಹೊರುವ ಅಡ್ಡಕಂಬಿ) ಮತ್ತು ಶೀಟು ಫೇಲಾಗುತ್ತವೆ. ಒಂದೇ ತೆರನಾಗಿ ತಪ್ಪಿರುವ ಟ್ರಸ್ಸುಗಳನ್ನು ಪಕ್ಕಪಕ್ಕ ನಿಲ್ಲಿಸುವಷ್ಟು ವಿವೇಕವನ್ನು ಸಂಹಿತೆ ನಮಗೆ ಬಿಟ್ಟಿದೆ.

ಕೊನೆಯದಾಗಿ ಕಾಂಕ್ರೀಟಿನವರ ಸಂಗತಿ. ಕಾಂಕ್ರೀಟಿನ ಸಂಹಿತೆಯಾದ ಐಎಸ್ 456 ಪ್ರಕಾರ ಕಂಬದ ಅಡ್ಡಕೊಯ್ತದ ಅಳತೆಯೊಂದೇ 12 ಮಿ.ಮೀ. ಹೆಚ್ಚಾಗಬಹುದು, 6 ಮಿ.ಮೀ. ಕಡಿಮೆಯಾಗಬಹುದು. ಅವರು ತಪ್ಪು ಮಾಡುತ್ತಾರೆಂದಲ್ಲ, ಅವರ ವಸ್ತುವಿನ ಸ್ವಭಾವವೇ ಹಾಗೆ, ಶಟರಿಂಗ್ ಉಬ್ಬುತ್ತದೆ. ಅವರ ಮಿತಿಯೊಳಗೇ ಇರುವ ಕಂಬಗಳ ಮೇಲೆ ನಮ್ಮ ಮಿತಿಯೊಳಗೇ ಇರುವ ಟ್ರಸ್ ಕೂರದಿರಬಹುದು, ಆಗ ಜಗಳ ಶುರುವಾಗುತ್ತದೆ. ಹಾಗಾಗಿ ಕಂಬಗಳೆದ್ದ ಮೇಲೆ, ಬಾಟಮ್ ಟೈ ಕತ್ತರಿಸುವ ಮೊದಲು, ನಮ್ಮವನೇ ಒಬ್ಬ ಟೇಪು ಹಿಡಿದು ಸೈಟಿಗೆ ಹೋಗಿ ಪ್ರತಿ ಜೋಡಿ ಕಂಬಗಳ ಬೋಲ್ಟಿನಿಂದ ಬೋಲ್ಟಿಗೆ ಅಳೆದು ಬರಬೇಕು. ಒಂದು ತುದಿಯ ಬೇಸ್ ಪ್ಲೇಟಿಗೆ ಉದ್ದುದ್ದ ಸ್ಲಾಟ್ ಕೊಡಲು ವಿನ್ಯಾಸಕಾರನನ್ನು ಕೇಳಿ. ತಾಪದ ಹಿಗ್ಗುಕುಗ್ಗಿಗೂ ಅದು ಬೇಕಾಗುತ್ತದೆ. ಕೇಳದೆ ನೀವಾಗಿಯೇ ಕೊಡಬೇಡಿ, ಗಾಳಿಯ ಅಡ್ಡಬಲವನ್ನು ಎರಡೂ ಕಂಬಗಳಿಗೆ ಹಂಚುವ ಲೆಕ್ಕ ಅವನಲ್ಲಿರಬಹುದು.

ನನ್ನ ಶೆಡ್ಡಿನಲ್ಲಿ ಪ್ರತಿ ಟ್ರಸ್ಸಿನೊಡನೆ ಒಂದು ಹಾಳೆ ಹೋಗುತ್ತದೆ. ಅದರಲ್ಲಿ ಟ್ಯಾಕ್ ಆದ ಮೇಲಿನ ಉದ್ದ, ವೆಲ್ಡ್ ಆದ ಮೇಲಿನ ಉದ್ದ, ಎರಡೂ ಕರ್ಣಗಳು, ಪಕ್ಕದ ಬಾಗು, ಅಳೆದ ಹೊತ್ತು ಮತ್ತು ಉಕ್ಕಿನ ತಾಪ ಇರುತ್ತವೆ. ಕೊನೆಯ ಕಾಲಮ್ಮಿನ ತಲೆಯಲ್ಲಿ ‘ಸೈಟಿಗೆ ಉಳಿದದ್ದು’ ಎಂದು ಬರೆದಿದೆ. ಲಾರಿ ಹೊರಡುವ ಮುನ್ನ ಫಿಟ್ಟರ್ ಅಲ್ಲಿ ಒಂದು ಅಂಕೆ ತುಂಬಿ ಸಹಿ ಹಾಕಬೇಕು. ಕಳೆದ ತಿಂಗಳು ಒಬ್ಬನು ಅಲ್ಲಿ ಸೊನ್ನೆ ಬರೆದಿದ್ದ. ಆ ಟ್ರಸ್ಸನ್ನು ಲಾರಿಯಿಂದ ಇಳಿಸಿದೆವು.